ಅಂಕಗಳಾಚೆಯ ಮೌಲ್ಯಮಾಪನ: ಹಳಗನ್ನಡ ತರಗತಿಯ ನೆಲೆಯಿಂದ ಕೆಲವು ವಿಚಾರಗಳು

ನಮ್ಮ ಕನ್ನಡ ವಿಭಾಗಗಳಲ್ಲಿ ಪಠ್ಯದ ಆಯ್ಕೆಯನ್ನು ಕುರಿತು ನಡೆದಷ್ಟು ಚರ್ಚೆ ಮೌಲ್ಯಮಾಪನವನ್ನು ಕುರಿತು ನಡೆದಿಲ್ಲ. ಪಂಪನ ಯಾವ ಆಶ್ವಾಸವನ್ನು ಇಡಬೇಕು, ವಚನಗಳಿಗೆ ಎಷ್ಟು ಪುಟ, ದಲಿತ-ಬಂಡಾಯಕ್ಕೆ ಎಷ್ಟು, ಮಹಿಳಾ ಸಾಹಿತ್ಯದ ಪ್ರಾತಿನಿಧ್ಯ ಎಲ್ಲಿ ಎಂಬ ಪ್ರಶ್ನೆಗಳ ಸುತ್ತ ಅಧ್ಯಯನ ಮಂಡಳಿಗಳಲ್ಲಿ ದಿನಗಟ್ಟಲೆ ವಾಗ್ವಾದಗಳು ನಡೆಯುತ್ತವೆ. ನಡೆಯಬೇಕಾದುದೂ ಹೌದು. ಆದರೆ ಆ ಪಠ್ಯವನ್ನು ವಿದ್ಯಾರ್ಥಿ ಓದಬಲ್ಲನೇ, ಓದಲಾರದಿದ್ದರೆ ಎಲ್ಲಿ ತೊಡಕಿದೆ ಎಂಬುದನ್ನು ಅರಿಯುವ ಬಗೆಯ ಮಾತು ಬಂದಾಗ ಸಭೆ ಮುಗಿಯುವ ಹೊತ್ತಾಗಿರುತ್ತದೆ. ಪ್ರಶ್ನೆಪತ್ರಿಕೆಯ ಸ್ವರೂಪ 'ಹಿಂದಿನಂತೆಯೇ' ಎಂಬ ಒಂದು ಪದದಲ್ಲಿ ತೀರ್ಮಾನವಾಗಿಬಿಡುತ್ತದೆ. ಕಲಿಸುವುದನ್ನು ಕುರಿತು ಇಷ್ಟು ಯೋಚಿಸುವ ನಾವು ಕಲಿತದ್ದನ್ನು ಕಾಣುವ ಬಗೆಯನ್ನು ಹೀಗೆ ರೂಢಿಗೆ ಒಪ್ಪಿಸಿರುವುದು ಸಣ್ಣ ಸಂಗತಿಯಲ್ಲ ಎಂಬುದು ಈ ಬರಹದ ನಿಲುವು.

ಆಂತರಿಕ ಮೌಲ್ಯಮಾಪನ ಇದೆಯಲ್ಲ ಎಂಬ ಉತ್ತರ ಸಹಜವಾಗಿಯೇ ಬರುತ್ತದೆ. ಇದೆ ನಿಜ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅನುಸರಿಸಿ ೨೦೨೧-೨೨ರಲ್ಲಿ ಕರ್ನಾಟಕದ ಪದವಿ ತರಗತಿಗಳಲ್ಲಿ ನೂರಕ್ಕೆ ೪೦ ಅಂಕಗಳನ್ನು ಇದಕ್ಕೆ ಮೀಸಲಿಡಲಾಯಿತು. ೨೦೨೪-೨೫ರಲ್ಲಿ ಮೂರು ವರ್ಷದ ಪದವಿಗೆ ಮರಳಿದಾಗ ಅದು ೨೦ಕ್ಕೆ ಇಳಿಯಿತು. ಪದವಿಪೂರ್ವ ಹಂತದ ಭಾಷಾ ವಿಷಯಗಳಿಗೂ ೨೦೨೩-೨೪ರಿಂದ ೨೦ ಅಂಕಗಳ ಆಂತರಿಕ ಭಾಗ ಬಂದಿದೆ. ಹೀಗೆ ಸಂಖ್ಯೆ ಏರಿದೆ, ಇಳಿದಿದೆ. ಆ ಏರಿಳಿತದಿಂದ ಕನ್ನಡ ತರಗತಿಯ ಮರುದಿನದ ಪಾಠ ಎಷ್ಟು ಬದಲಾಯಿತು ಎಂದು ಕೇಳಿಕೊಂಡರೆ ಉತ್ತರ ಹೇಳುವುದು ಕಷ್ಟ. ಎರಡು ಕಿರುಪರೀಕ್ಷೆ, ಒಂದು ನಿಯೋಜಿತ ಬರಹ, ಹಾಜರಾತಿಗೆ ಇಷ್ಟು. ಎಲ್ಲವನ್ನೂ ಕೂಡಿಸಿ ಅರ್ಧವಾರ್ಷಿಕದ ಕೊನೆಯ ವಾರ ತಂತ್ರಾಂಶಕ್ಕೆ ತುಂಬಿದರೆ ಮುಗಿಯಿತು. ನಿಯೋಜಿತ ಬರಹವೆಂಬುದು ಬಹುಮಟ್ಟಿಗೆ ಒಬ್ಬ ವಿದ್ಯಾರ್ಥಿಯಿಂದ ಇನ್ನೊಬ್ಬನಿಗೆ ಕೈಬರಹದ ಮೂಲಕ ಸಾಗುವ ಒಂದೇ ಪಠ್ಯ. ನಮ್ಮ ಹಸ್ತಪ್ರತಿಶಾಸ್ತ್ರದ ವಿದ್ವಾಂಸರು ಬಯಸಿದರೆ ಅದರ ಮೂಲಪ್ರತಿ ಯಾವುದೆಂದು ಪಾಠಾಂತರಗಳ ನೆರವಿನಿಂದ ನಿರ್ಣಯಿಸಬಹುದು!

'ರೂಪಣಾತ್ಮಕ' ಮತ್ತು 'ಸಂಕಲನಾತ್ಮಕ' ಎಂಬ ಜೋಡಿ ಪರಿಕಲ್ಪನೆಗಳನ್ನು ೧೯೬೭ರಲ್ಲಿ ಮೊದಲು ಮುಂದಿಟ್ಟವನು ಮೈಕಲ್ ಸ್ಕ್ರಿವೆನ್. ಅವನ ಗಮನವಿದ್ದುದು ಪಠ್ಯಕ್ರಮಗಳ ಮೇಲೆ. ಅದನ್ನು ವಿದ್ಯಾರ್ಥಿಯ ಕಲಿಕೆಗೆ ಅನ್ವಯಿಸಿದವನು ಬೆಂಜಮಿನ್ ಬ್ಲೂಮ್. ೧೯೯೮ರಲ್ಲಿ ಪಾಲ್ ಬ್ಲ್ಯಾಕ್ ಮತ್ತು ಡಿಲನ್ ವಿಲಿಯಂ ಅದುವರೆಗಿನ ಸುಮಾರು ೨೫೦ ಅಧ್ಯಯನಗಳನ್ನು ಪರಿಶೀಲಿಸಿ, ತರಗತಿಯಲ್ಲಿ ದೊರೆತ ಮಾಹಿತಿಯಿಂದ ಬೋಧನೆಯು ನಿಜಕ್ಕೂ ಬದಲಾದಾಗ ಮಾತ್ರ ಮೌಲ್ಯಮಾಪನ ರೂಪಣಾತ್ಮಕವಾಗುತ್ತದೆ ಎಂಬ ಅಂಶವನ್ನು ಸ್ಪಷ್ಟಪಡಿಸಿದರು. ನಮ್ಮ ಅನುಭವದ ಭಾಷೆಯಲ್ಲಿ ಹೇಳುವುದಾದರೆ, ಕಣದಲ್ಲಿ ರಾಶಿ ಅಳೆಯುವುದು ಬೇರೆ, ನಿಂತ ಪೈರಿನ ಬಣ್ಣ ನೋಡಿ ನೀರು ಬಿಡುವುದು ಬೇರೆ. ಎರಡೂ ಬೇಕು. ಆದರೆ ಕಿರುಪರೀಕ್ಷೆಯೆಂಬ ಹೆಸರಿನಲ್ಲಿ ನಾವು ಮಾಡುತ್ತಿರುವುದು ಸುಗ್ಗಿಗೆ ಮೊದಲೇ ಎರಡು ಸಲ ರಾಶಿ ಅಳೆಯುವ ಕೆಲಸ. ಅದರಿಂದ ಪೈರಿಗೆ ಏನೂ ಆಗುವುದಿಲ್ಲ.

ಈ ವಿಚಾರಗಳು ಶಾಲಾ ಶಿಕ್ಷಕರಿಗೆ ಹೊಸವಲ್ಲ. ಬಿ.ಎಡ್. ತರಬೇತಿಯಲ್ಲಿ ಅವರು ಇವನ್ನು ಓದುತ್ತಾರೆ. ಪದವಿ ಕಾಲೇಜಿನ ಅಧ್ಯಾಪಕರಾಗಲು ಅಂಥ ತರಬೇತಿ ಕಡ್ಡಾಯವಲ್ಲ. ಸ್ನಾತಕೋತ್ತರ ಪದವಿಯ ಜೊತೆಗೆ ಎನ್‌ಇಟಿ, ಎಸ್‌ಎಲ್‌ಇಟಿ ಅಥವಾ ಪಿಎಚ್.ಡಿ. ಇದ್ದರೆ ಸಾಕು. ಹಾಗಾಗಿ ಬೋಧನಶಾಸ್ತ್ರವೆಂಬುದು ಚಿಕ್ಕ ಮಕ್ಕಳ ಮೇಷ್ಟರಿಗೆ ಸಂಬಂಧಿಸಿದ್ದು, ನಮ್ಮದು ಸಾಹಿತ್ಯದ ವಿಮರ್ಶೆ ಮತ್ತು ಸಂಶೋಧನೆ ಎಂಬ ಶ್ರೇಣೀಕರಣವೊಂದು ನಮ್ಮೊಳಗೆ ಕೂತಿದೆ. ೧೯೯೫ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿಯು ೨೦೦೯-೧೦ರಲ್ಲಿ ರಾಜ್ಯದ ಸರ್ಕಾರಿ ಕಿರಿಯ ಪ್ರಾಥಮಿಕ ತರಗತಿಗಳಿಗೆ ವಿಸ್ತರಿಸಿತು. ಅಲ್ಲಿ ವರ್ಣಮಾಲೆಯ ಅನುಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂದು ಅಕ್ಷರಗಳು ಆರಂಭವಾಗುತ್ತವೆ. ಮಗು ಕಲಿಕಾ ಏಣಿಯ ಯಾವ ಮೆಟ್ಟಿಲಲ್ಲಿದೆ ಎಂಬುದು ಗೋಡೆಯ ಮೇಲಿನ ಪಟದಲ್ಲಿ ಮಗುವಿಗೂ ಶಿಕ್ಷಕರಿಗೂ ಕಾಣುತ್ತದೆ. ಮುಂದಿನ ಚಟುವಟಿಕೆ ಯಾವುದೆಂಬುದನ್ನು ಆ ಮೆಟ್ಟಿಲೇ ತೀರ್ಮಾನಿಸುತ್ತದೆ. ಆ ವರ್ಷ ಒಂದನೆಯ ತರಗತಿಗೆ ಸೇರಿದ ಮಕ್ಕಳು ತಡೆಯಿಲ್ಲದೆ ಮುಂದೆ ಬಂದಿದ್ದರೆ ೨೦೨೧-೨೨ರಲ್ಲಿ ನಮ್ಮ ಪದವಿ ತರಗತಿಯ ಬಾಗಿಲಿಗೆ ಬಂದರು. ತಾನೆಲ್ಲಿದ್ದೇನೆಂದು ಆರನೆಯ ವಯಸ್ಸಿನಲ್ಲಿ ಬಲ್ಲವರಾಗಿದ್ದವರಿಗೆ ಹದಿನೆಂಟರಲ್ಲಿ ಅದನ್ನು ತಿಳಿಯುವ ದಾರಿ ಇಲ್ಲ. ನಲಿ-ಕಲಿಯ ಗುಣದೋಷಗಳ ಚರ್ಚೆ ಬೇರೆಯೇ ಇದೆ. ಅದರ ಈ ಒಂದು ತತ್ವವಾದರೂ ನಮ್ಮ ಪರಿಶೀಲನೆಗೆ ಅರ್ಹವಾದುದು.

ಈಗ ನಮ್ಮದೇ ಪ್ರಶ್ನೆಪತ್ರಿಕೆಯ ಕಡೆಗೆ ಬರೋಣ. 'ಕೆಳಗಿನ ವಾಕ್ಯಗಳ ಸಂದರ್ಭ ಸೂಚಿಸಿ ಸ್ವಾರಸ್ಯ ವಿವರಿಸಿ' ಎಂಬ ಪ್ರಶ್ನೆ ಕನ್ನಡ ಪತ್ರಿಕೆಯಲ್ಲಿ ಎಷ್ಟು ಕಾಲದಿಂದ ಇದೆಯೋ! ಇದರ ಮೂಲ ಉದ್ದೇಶ ಉದಾತ್ತವಾದುದು. ಒಂದು ಸಾಲನ್ನು ಅದರ ಕಥಾಸಂದರ್ಭದಲ್ಲಿಟ್ಟು ಅದರ ಧ್ವನಿಯನ್ನು ವಿದ್ಯಾರ್ಥಿ ಗುರುತಿಸಬೇಕೆಂಬುದೇ ಆ ಉದ್ದೇಶ. ವಾಸ್ತವದಲ್ಲಿ ನಡೆಯುವುದು ಬೇರೆ. ಸಾಲಿನ ಮೊದಲ ಎರಡು ಪದಗಳನ್ನು ಗುರುತು ಹಿಡಿದರೆ ಸಾಕು. ಈ ಮಾತನ್ನು ಇಂಥ ಕವಿಯ ಇಂಥ ಕಾವ್ಯದಿಂದ ಆರಿಸಲಾಗಿದೆ, ಇದನ್ನು ಇಂಥವರು ಇಂಥವರಿಗೆ ಹೇಳಿದರು, ಇಲ್ಲಿ ಕವಿಯ ಪ್ರತಿಭೆ ಎದ್ದು ಕಾಣುತ್ತದೆ ಎಂಬ ಮೂರು ವಾಕ್ಯಗಳು ಮಾರ್ಗದರ್ಶಿ ಪುಸ್ತಕದಿಂದ ನೇರವಾಗಿ ಇಳಿದು ಬರುತ್ತವೆ. ಮೌಲ್ಯಮಾಪಕರು ಪೂರ್ಣ ಅಂಕ ಕೊಡುತ್ತಾರೆ. ಕೊಡದಿರಲು ಕಾರಣವೂ ಇಲ್ಲ, ಉತ್ತರ ಸರಿಯಾಗಿದೆ. ಆದರೆ ಆ ಸಾಲನ್ನು ಬಿಡಿಸಿ ಓದಲು ಅವನಿಗೆ ಬರುತ್ತದೆಯೇ ಎಂಬುದಕ್ಕೆ ಆ ಉತ್ತರದಲ್ಲಿ ಯಾವ ಸಾಕ್ಷ್ಯವೂ ಇಲ್ಲ. ಹಳಗನ್ನಡ ಬರುವವನೂ ಬಾರದವನೂ ಒಂದೇ ಉತ್ತರವನ್ನು ಬರೆಯಬಹುದಾದ ಪ್ರಶ್ನೆಯು ಅಂಕ ಕೊಡಲು ನೆರವಾದೀತು. ಮರುದಿನ ಯಾರಿಗೆ ಏನನ್ನು ಕಲಿಸಬೇಕೆಂದು ಅದು ಹೇಳಲಾರದು.

ಹಳಗನ್ನಡ ಅರ್ಥವಾಗುವುದಿಲ್ಲ ಎಂಬುದು ನಮ್ಮಲ್ಲಿ ಎಲ್ಲರೂ ಆಡುವ ಮಾತು. ಅರ್ಥವಾಗದಿರುವುದರಲ್ಲಿ ಬಗೆಗಳಿವೆ ಎಂಬುದನ್ನು ಮಾತ್ರ ನಾವು ಅಷ್ಟಾಗಿ ಗಮನಿಸಿಲ್ಲ. ಕನಿಷ್ಠ ಮೂರನ್ನಾದರೂ ಬೇರ್ಪಡಿಸಬಹುದು. ಪದಗಳನ್ನು ಬಿಡಿಸಲಾರದ ವಿದ್ಯಾರ್ಥಿ ಒಬ್ಬ. 'ಎಂದೊಡೆ' ಎಂಬುದನ್ನು ಕಂಡಾಗ ಅವನಿಗೆ 'ಒಡೆ' ಎಂಬ ಕ್ರಿಯಾಪದ ಎದುರಾಗುತ್ತದೆ. ಏನನ್ನು ಒಡೆದರೆಂದು ಹುಡುಕತೊಡಗುತ್ತಾನೆ. ಪದವನ್ನು ಸರಿಯಾಗಿ ಬಿಡಿಸಿಯೂ ಇಂದಿನ ಅರ್ಥಕ್ಕೆ ಜಾರುವವನು ಇನ್ನೊಬ್ಬ. 'ಕರಂ' ಎಂದರೆ ಅವನಿಗೆ ಕೈ, 'ನಾಡೆ' ಎಂದರೆ ನಾಡು, 'ಕಲಿ' ಎಂದರೆ ಕಲಿಯುವುದು, 'ಬೆಸ' ಎಂದರೆ ಸರಿ-ಬೆಸದ ಬೆಸ. ಬಹಳ, ಹೆಚ್ಚಾಗಿ, ಶೂರ, ಅಪ್ಪಣೆ ಎಂಬ ಅರ್ಥಗಳು ಅವನಿಗೆ ಹೊಳೆಯಬೇಕಾದರೆ ಈ ಪದಗಳು ತನಗೆ ಪರಿಚಿತವೆಂಬ ಭ್ರಮೆ ಮೊದಲು ಕಳಚಬೇಕು. ಅಪರಿಚಿತ ಪದಕ್ಕಿಂತ ಪರಿಚಿತವೆಂದು ತೋರುವ ಪದವೇ ಹೆಚ್ಚು ಮೋಸಗೊಳಿಸುವುದು, ಏಕೆಂದರೆ ಅದಕ್ಕಾಗಿ ಯಾರೂ ನಿಘಂಟನ್ನು ತೆರೆಯುವುದಿಲ್ಲ. ಮೂರನೆಯವನು ಪದವನ್ನೂ ಬಿಡಿಸಬಲ್ಲ, ಅರ್ಥವನ್ನೂ ಬಲ್ಲ. ಆದರೆ ಮಾತನಾಡುತ್ತಿರುವವನು ಕರ್ಣನೋ ಭೀಷ್ಮನೋ, ಅದು ಹೊಗಳಿಕೆಯೋ ಚುಚ್ಚುಮಾತೋ ಎಂದು ತಿಳಿಯದೆ ನಿಲ್ಲುತ್ತಾನೆ.

ಈ ಮೂವರಿಗೂ ನಾವು ಕೊಡುವುದು ಒಂದೇ ಮದ್ದು: ಭಾವಾರ್ಥ. ಪದ್ಯವನ್ನು ಒಮ್ಮೆ ಓದಿ, ಹೊಸಗನ್ನಡದಲ್ಲಿ ಅದರ ಸಾರಾಂಶ ಹೇಳಿ ಮುಂದಿನ ಪದ್ಯಕ್ಕೆ ಹೋಗುವುದು. ಇದರಿಂದ ಮೂರನೆಯವನಿಗೆ ಪ್ರಯೋಜನವಾಗುತ್ತದೆ. ಮೊದಲ ಇಬ್ಬರು ಭಾವಾರ್ಥವನ್ನು ಬರೆದುಕೊಳ್ಳುತ್ತಾರೆ. ಪದ್ಯ ಅವರಿಗೆ ಮೊದಲಿನಷ್ಟೇ ದೂರ ಉಳಿಯುತ್ತದೆ. ಅರ್ಧವಾರ್ಷಿಕದ ಕೊನೆಗೆ ಅವರ ಬಳಿ ಹತ್ತು ಪದ್ಯಗಳ ಭಾವಾರ್ಥವಿರುತ್ತದೆ, ಹನ್ನೊಂದನೆಯದನ್ನು ಓದುವ ಶಕ್ತಿಯಿರುವುದಿಲ್ಲ.

ಹಾಗಾದರೆ ಮಾಡಬೇಕಾದುದೇನು? ನಾನು ಸೂಚಿಸುವುದು ಸರಳವಾದ ಕೆಲಸ. ಪಾಠ ಮಾಡುತ್ತಿರುವ ಕಾವ್ಯದಿಂದಲೇ, ಆದರೆ ಪಠ್ಯಭಾಗದಲ್ಲಿಲ್ಲದ ಒಂದು ಕಂದಪದ್ಯವನ್ನು ಹದಿನೈದು ದಿನಕ್ಕೊಮ್ಮೆ ಕರಿಹಲಗೆಯ ಮೇಲೆ ಬರೆಯುವುದು. ತರಗತಿಯ ಕೊನೆಯ ಹತ್ತು ನಿಮಿಷಗಳಲ್ಲಿ ವಿದ್ಯಾರ್ಥಿಗಳು ಅರ್ಧ ಹಾಳೆಯಲ್ಲಿ ಅದರ ಪದಗಳನ್ನು ಬಿಡಿಸಿ, ಅನ್ವಯ ಮಾಡಿ, ಅರ್ಥವಾಗದ ಪದದ ಕೆಳಗೆ ಗೆರೆ ಎಳೆದು ಕೊಡುವುದು. ಅಂಕವಿಲ್ಲ. ತಿದ್ದುವುದೂ ಬೇಡ. ಅಧ್ಯಾಪಕರು ಆ ಹಾಳೆಗಳನ್ನು ಓದಿ ಮೇಲೆ ಹೇಳಿದ ಮೂರು ಬಗೆಗಳಲ್ಲಿ ಮೂರು ಕಟ್ಟು ಮಾಡಿದರೆ ಸಾಕು. ಎಂಬತ್ತು ವಿದ್ಯಾರ್ಥಿಗಳಿದ್ದರೆ, ಹಾಳೆಗೆ ಅರ್ಧ ನಿಮಿಷದಂತೆ, ನಲವತ್ತು ನಿಮಿಷದ ಕೆಲಸ. ಎಂಬತ್ತು ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಲು ತಗಲುವ ಸಮಯದ ಒಂದು ಸಣ್ಣ ಪಾಲು ಇದು. ಯಾವ ಕಟ್ಟು ದಪ್ಪಗಿದೆಯೋ ಅದೇ ಮುಂದಿನ ಗಂಟೆಯ ಪಾಠ.

ಮೊದಲ ಕಟ್ಟು ದಪ್ಪಗಿದ್ದರೆ ಭಾವಾರ್ಥವನ್ನು ಬದಿಗಿಟ್ಟು ಗಟ್ಟಿಯಾಗಿ ಓದಿಸಬೇಕು. ಓದಿಸುವುದು ಕೂಡ ಮೌಲ್ಯಮಾಪನವೇ ಎಂಬುದನ್ನು ಗಮಕಿಗಳು ಬಲ್ಲರು. ಭಾಮಿನಿ ಷಟ್ಪದಿಯನ್ನು ಮೂರು-ನಾಲ್ಕು ಮಾತ್ರೆಗಳ ಗಣಗಳಿಗೆ ತಕ್ಕಂತೆ ಮಾತ್ರ ಓದಿದರೆ ಪದ ನಡುವೆ ಮುರಿಯುತ್ತದೆ. ಪದಕ್ಕೆ ತಕ್ಕಂತೆ ಮಾತ್ರ ಓದಿದರೆ ಲಯ ತಪ್ಪುತ್ತದೆ. ಎರಡನ್ನೂ ಸಾಧಿಸಿ ಓದುವವನಿಗೆ ಪದ್ಯದ ಅರ್ಧ ದಕ್ಕಿದೆ ಎಂದೇ ಲೆಕ್ಕ. ವಿದ್ಯಾರ್ಥಿ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ ಎಂಬುದನ್ನು ಕೇಳಿದರೆ ಅವನ ತೊಡಕು ಎಲ್ಲಿದೆಯೆಂದು ತಿಳಿಯುತ್ತದೆ, ಪ್ರಶ್ನೆಪತ್ರಿಕೆಯೇ ಬೇಕಿಲ್ಲ. ಎರಡನೆಯ ಕಟ್ಟು ದಪ್ಪಗಿದ್ದರೆ ಮೋಸಗೊಳಿಸುವ ಪದಗಳ ಪಟ್ಟಿಯೊಂದನ್ನು ತರಗತಿಯೇ ಸೇರಿ ಕಟ್ಟಬಹುದು. 'ಅಱಿ' ಎಂದರೆ ತಿಳಿ, 'ಅರಿ' ಎಂದರೆ ಕತ್ತರಿಸು, ಸಂಸ್ಕೃತದ 'ಅರಿ' ಎಂದರೆ ಶತ್ರು. ಶಕಟರೇಫೆಯನ್ನು ಕೈಬಿಟ್ಟ ಇಂದಿನ ಬರಹದಲ್ಲಿ ಮೂರೂ ಒಂದೇ ಆಗಿ ಕಾಣುತ್ತವೆ ಎಂದು ತೋರಿಸಿದಾಗ, ಹಳೆಯ ಲಿಪಿಯ ಆ ಅಕ್ಷರ ಯಾಕೆ ಬೇಕಿತ್ತೆಂಬುದು ವ್ಯಾಕರಣದ ಪಾಠವಿಲ್ಲದೆಯೇ ಮನವರಿಕೆಯಾಗುತ್ತದೆ. ಮೂರನೆಯ ಕಟ್ಟಿನವರಿಗೆ ಕಥೆ ಹೇಳಿದರಾಯಿತು.

ಇಲ್ಲಿ ಕೇಶಿರಾಜನನ್ನು ನೆನೆಯುವುದು ಅಪ್ರಸ್ತುತವಾಗಲಾರದು. ಹದಿಮೂರನೆಯ ಶತಮಾನದ 'ಶಬ್ದಮಣಿದರ್ಪಣ' ರಳ, ಕುಳ, ಕ್ಷಳಗಳ ಭೇದವನ್ನು ವಿವರಿಸಿ, ರಳವುಳ್ಳ ಪದಗಳನ್ನು ಪಟ್ಟಿಮಾಡಿ ಕೊಡುತ್ತದೆ. ಎಲ್ಲರೂ ಸರಿಯಾಗಿ ಬಳಸುತ್ತಿದ್ದರೆ ಪಟ್ಟಿಯ ಅಗತ್ಯವೇನಿತ್ತು? ಆಡುಮಾತಿನಲ್ಲಿ ಆ ಧ್ವನಿ ಮರೆಯಾಗುತ್ತಿದ್ದಾಗ ಬರೆಯುವವರು ಎಲ್ಲಿ ಎಡವುತ್ತಾರೆಂಬುದನ್ನು ಅವನು ಗಮನಿಸಿದ್ದಾನೆ ಎಂದು ಆ ಪಟ್ಟಿಯನ್ನು ಓದಲು ಅವಕಾಶವಿದೆ. ಲಕ್ಷಣಗ್ರಂಥವನ್ನು ಕೇವಲ ನಿಯಮಗಳ ಸಂಗ್ರಹವೆಂದು ಪಾಠ ಮಾಡುವ ನಾವು ಅದರೊಳಗಿನ ಮೇಷ್ಟರನ್ನು ಮರೆತಿದ್ದೇವೆ.

ತಪ್ಪುಗಳನ್ನು ಹೀಗೆ ಮಾಹಿತಿಯೆಂದು ನೋಡತೊಡಗಿದರೆ ವಿದ್ಯಾರ್ಥಿಯ ಆಡುನುಡಿಯೂ ಬೇರೆಯಾಗಿ ಕಾಣುತ್ತದೆ. ಮೈಸೂರು-ಮಂಡ್ಯ ಸೀಮೆಯ ವಿದ್ಯಾರ್ಥಿ 'ಹಾಲು' ಎಂಬುದನ್ನು 'ಆಲು' ಎಂದು ಬರೆಯುತ್ತಾನೆ. ತಿದ್ದಿಸಿಕೊಂಡು ಬೇಸತ್ತು 'ಅಕ್ಕಿ'ಯನ್ನು 'ಹಕ್ಕಿ' ಮಾಡುತ್ತಾನೆ. ಧಾರವಾಡದ ಕಡೆಯವನು 'ಮನಿ' ಎನ್ನುತ್ತಾನೆ. ಕೆಂಪು ಶಾಯಿ ಎರಡನ್ನೂ ಒಂದೇ ಬಗೆಯಲ್ಲಿ ಹೊಡೆದುಹಾಕುತ್ತದೆ. ಆದರೆ 'ಪೋಗು', 'ಹೋಗು', 'ಓಗು' ಎಂಬ ಮೂರನ್ನು ಸಾಲಾಗಿ ಬರೆದು ನೋಡಿ. ಪಂಪನ ಪಕಾರದಿಂದ ಶಿಷ್ಟ ಹೊಸಗನ್ನಡದ ಹಕಾರಕ್ಕೂ ಅಲ್ಲಿಂದ ಮಂಡ್ಯದ ಹುಡುಗನ ಮಾತಿಗೂ ಒಂದೇ ದಾರಿಯಿದೆ. ಅವನು ಆ ದಾರಿಯಲ್ಲಿ ನಮಗಿಂತ ಒಂದು ಹೆಜ್ಜೆ ಮುಂದಿದ್ದಾನೆ ಅಷ್ಟೆ. ಪ್ರಮಾಣ ಬರಹವನ್ನು ಅವನು ಕಲಿಯಬೇಕು, ಅದರಲ್ಲಿ ರಾಜಿಯಿಲ್ಲ. ಆದರೆ ಅವನ ತಪ್ಪಿನಿಂದಲೇ ಹಳಗನ್ನಡಕ್ಕೆ ಬಾಗಿಲು ತೆಗೆಯಬಹುದಾದಾಗ ಅದನ್ನು ಮುಚ್ಚುವುದೇಕೆ? ಮನೆಯಲ್ಲಿ ತುಳು ಆಡುವ ವಿದ್ಯಾರ್ಥಿನಿಗೆ 'ಪಿಲಿ', 'ಪರ್ಬ' ಎಂಬವು ದಿನಬಳಕೆಯ ಪದಗಳು. 'ಪುಲಿ'ಯೂ 'ಪರ್ಬ'ವೂ ಕಾವ್ಯದಲ್ಲಿ ಬಂದಾಗ ಬೆಂಗಳೂರಿನ ಸಹಪಾಠಿಗಿಂತ ಆಕೆಗೆ ಅನುಕೂಲ ಹೆಚ್ಚು. ಈ ಅನುಕೂಲ ಆಕೆಗಿದೆಯೆಂದು ಆಕೆಗೂ ತಿಳಿದಿರುವುದಿಲ್ಲ, ನಮಗೂ ತಿಳಿದಿರುವುದಿಲ್ಲ. ಡಿ.ಎನ್. ಶಂಕರ ಭಟ್ಟರು ೨೦೦೫ರ 'ಕನ್ನಡ ಬರಹವನ್ನು ಸರಿಪಡಿಸೋಣ' ಕೃತಿಯಲ್ಲಿ ಸೂಚಿಸಿದ ಪರಿಹಾರಗಳನ್ನು ಒಪ್ಪದವರು ನಮ್ಮಲ್ಲಿ ಅನೇಕರಿದ್ದಾರೆ, ನಾನೂ ಪೂರ್ಣವಾಗಿ ಒಪ್ಪುವವನಲ್ಲ. ಆದರೆ ವಿದ್ಯಾರ್ಥಿಯ ಕಾಗುಣಿತದ ತಪ್ಪಿಗೆ ಅವನ ಉಚ್ಚಾರಣೆಯಲ್ಲಿ ಕಾರಣವಿರುತ್ತದೆ ಎಂಬ ಅವರ ಗ್ರಹಿಕೆಯನ್ನು ತಳ್ಳಿಹಾಕಲು ಬಾರದು.

ಅಂಕವಿಲ್ಲದಿದ್ದರೆ ಯಾರು ಬರೆಯುತ್ತಾರೆ ಎಂಬ ಆಕ್ಷೇಪ ನಿರೀಕ್ಷಿತವೇ. ೧೯೮೮ರಲ್ಲಿ ರೂತ್ ಬಟ್ಲರ್ ಇಸ್ರೇಲಿನ ಶಾಲಾ ಮಕ್ಕಳನ್ನು ಮೂರು ಗುಂಪು ಮಾಡಿ ಪ್ರಕಟಿಸಿದ ಅಧ್ಯಯನವನ್ನು ಇಲ್ಲಿ ನೋಡಬಹುದು. ಒಂದು ಗುಂಪಿಗೆ ಅಂಕ ಮಾತ್ರ, ಇನ್ನೊಂದಕ್ಕೆ ಟಿಪ್ಪಣಿ ಮಾತ್ರ, ಮತ್ತೊಂದಕ್ಕೆ ಎರಡೂ. ಟಿಪ್ಪಣಿ ಮಾತ್ರ ಪಡೆದವರು ಸುಧಾರಿಸಿದರು. ಎರಡನ್ನೂ ಪಡೆದವರು ಅಂಕ ಮಾತ್ರ ಪಡೆದವರಿಗಿಂತ ಮೇಲಾಗಲಿಲ್ಲ. ಅಂಕ ಕಂಡ ಕಣ್ಣಿಗೆ ಟಿಪ್ಪಣಿ ಕಾಣಲಿಲ್ಲ ಎಂದು ಇದನ್ನು ಅರ್ಥೈಸಬಹುದು. ಚಿಕ್ಕ ಮಕ್ಕಳ ಕುರಿತ ಈ ಫಲಿತಾಂಶವನ್ನು ನಮ್ಮ ಬಿ.ಎ. ತರಗತಿಗೆ ಹಾಗೆಯೇ ಹೊರಿಸುವುದು ಸರಿಯಲ್ಲ. ನಮ್ಮಲ್ಲಿ ಏನಾಗುತ್ತದೆಂದು ನಾವೇ ನೋಡಬೇಕು. ಆದರೂ ನಮ್ಮ ದೇಶದ ಶಾಲಾ ಅನುಭವ ಇದಕ್ಕೆ ಹೊಂದುವಂತಿದೆ. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯು ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ವಿಧಿಸಿದಾಗ ಅದರ ಆಶಯ ಮಗುವನ್ನು ಪರೀಕ್ಷೆಯ ಭಯದಿಂದ ಬಿಡಿಸುವುದಾಗಿತ್ತು. ಆಚರಣೆಯಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಎಂಬ ಲೆಕ್ಕ ಬಂದು ಪ್ರತಿಯೊಂದಕ್ಕೂ ದಾಖಲೆ, ಪ್ರತಿ ದಾಖಲೆಗೂ ಶ್ರೇಣಿ ಎಂದಾಯಿತು. ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿ ೨೦೦೯ರಲ್ಲಿ ತಂದ ಆ ಪದ್ಧತಿಯನ್ನು ೨೦೧೭ರಲ್ಲಿ ಕೈಬಿಟ್ಟಿತು. ಪ್ರತಿ ಗಮನಿಕೆಯೂ ಅಂಕವಾದೊಡನೆ ವಿದ್ಯಾರ್ಥಿ ತನಗೆ ಬಾರದ್ದನ್ನು ಅಧ್ಯಾಪಕರಿಂದ ಮುಚ್ಚಿಡತೊಡಗುತ್ತಾನೆ. ಕಲಿಸಲು ನಮಗೆ ಬೇಕಾದುದೋ ಅವನು ಮುಚ್ಚಿಡುವ ಅದೇ ಸಂಗತಿ.

ಅಂಕವನ್ನು ಇದರಿಂದ ದೂರವಿಡಬೇಕೆನ್ನಲು ಇನ್ನೂ ಗಂಭೀರವಾದ ಕಾರಣವಿದೆ. ಆಂತರಿಕ ಅಂಕಗಳನ್ನು ಹೆಚ್ಚಿಸಬೇಕೆಂಬ ವಾದವನ್ನು ಪ್ರಗತಿಪರವೆಂದು ಭಾವಿಸುವವರು ನಮ್ಮ ಸಮಾಜದ ಸ್ವರೂಪವನ್ನು ಮರೆಯುತ್ತಾರೆ. ಸಂಕೇತ ಸಂಖ್ಯೆ ಹಾಕಿ ಹೆಸರು ಮರೆಮಾಡಿದ ಉತ್ತರಪತ್ರಿಕೆಯು ಯಾಂತ್ರಿಕವಾದುದು ನಿಜ. ಆದರೆ ಬರೆದವನ ಜಾತಿ ಯಾವುದು, ಊರು ಯಾವುದು, ಯಾವ ಅಧ್ಯಾಪಕರ ಹಿಂದೆ ಓಡಾಡುವವನು ಎಂಬುದು ಅದಕ್ಕೆ ತಿಳಿಯದು. ಆ ಅರಿವುಗೇಡಿತನವೇ ದಲಿತ, ಹಿಂದುಳಿದ ವರ್ಗಗಳ ಅನೇಕ ವಿದ್ಯಾರ್ಥಿಗಳಿಗೆ ರಕ್ಷಣೆಯಾಗಿ ಒದಗಿದೆ. ತರಗತಿಯಲ್ಲಿ ಹೆಸರು ಹಿಡಿದು ಕೊಡುವ ಅಂಕಕ್ಕೆ ಆ ರಕ್ಷಣೆಯಿಲ್ಲ. ಆದುದರಿಂದ ಅಂತಿಮ ಪರೀಕ್ಷೆಯ ಜಾಗದಲ್ಲಿ ತರಗತಿಯ ಮೌಲ್ಯಮಾಪನವನ್ನು ತರಬೇಕೆಂಬುದು ನನ್ನ ವಾದವಲ್ಲ. ಅಧ್ಯಾಪಕರ ಕೈಯಲ್ಲಿರುವ ಹಾಳೆ ವಿದ್ಯಾರ್ಥಿಯ ಭವಿಷ್ಯವನ್ನು ತೀರ್ಮಾನಿಸದಿದ್ದಾಗ ಮಾತ್ರ ಅವನು ಅದರಲ್ಲಿ ನಿರ್ಭಯವಾಗಿ ತಪ್ಪು ಮಾಡಬಲ್ಲ ಎಂಬುದೇ ನನ್ನ ಮಾತಿನ ತಿರುಳು.

ಇದನ್ನೆಲ್ಲ ಮಾಡುವವರು ಯಾರು ಎಂಬ ಪ್ರಶ್ನೆಯೂ ಇದೆ. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಕನ್ನಡ ಪಾಠದ ದೊಡ್ಡ ಪಾಲು ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೇವೆಯೇ ಎಂದು ತಿಳಿಯದವರಿಗೆ ವಿದ್ಯಾರ್ಥಿಯ ಪ್ರಗತಿಯನ್ನು ಮೂರು ವರ್ಷ ಹಿಂಬಾಲಿಸಿ ಎನ್ನುವುದು ಕ್ರೌರ್ಯವಾದೀತು. ಹಾಗಾಗಿ ಹಾಳೆಗಳು ಅಧ್ಯಾಪಕರ ಬಳಿಯಲ್ಲ, ವಿಭಾಗದಲ್ಲಿ ಉಳಿಯಬೇಕು. ಪ್ರತಿ ವಿದ್ಯಾರ್ಥಿಗೆ ಒಂದು ಕಡತ. ಅರ್ಧವಾರ್ಷಿಕದ ಎರಡನೆಯ ವಾರದ ಹಾಳೆ, ನಡುವಿನದು, ಕೊನೆಯದು ಒಟ್ಟಿಗಿದ್ದರೆ ಅವನನ್ನು ಬೇರೆಯವರೊಡನೆ ಹೋಲಿಸದೆ ಅವನೊಡನೆಯೇ ಹೋಲಿಸಬಹುದು. ಹೊಸದಾಗಿ ಬಂದ ಉಪನ್ಯಾಸಕರು ಅದನ್ನು ತೆರೆದು ಎಲ್ಲಿಂದ ಆರಂಭಿಸಬೇಕೆಂದು ತಿಳಿಯಬಹುದು.

ಕಡತವೊಂದು ಹೀಗೆ ಬೆಳೆದರೆ ಅದು ಸಂಶೋಧನೆಗೂ ಆಕರವಾಗುತ್ತದೆ. ಕವಿಗಳನ್ನೂ ಕೃತಿಗಳನ್ನೂ ಕುರಿತ ಮಹಾಪ್ರಬಂಧಗಳು ನಮ್ಮಲ್ಲಿ ಕಪಾಟುಗಟ್ಟಲೆ ಇವೆ. ಇಂದಿನ ಓದುಗ ಹಳಗನ್ನಡದ ಒಂದು ಪದ್ಯದ ಮುಂದೆ ನಿಂತಾಗ ನಿಜವಾಗಿ ಏನು ಮಾಡುತ್ತಾನೆ ಎಂಬುದನ್ನು ಅವನ ಕೈಬರಹದ ಆಧಾರದಿಂದ ನೋಡಿದವು ಅಪರೂಪ. ಯಾವ ಪದ ಯಾವ ಸೀಮೆಯ ವಿದ್ಯಾರ್ಥಿಗೆ ತೊಡಕು, ಯಾವ ಛಂದಸ್ಸಿನಲ್ಲಿ ಪದಚ್ಛೇದ ಹೆಚ್ಚು ತಪ್ಪುತ್ತದೆ, ಉರ್ದು ಅಥವಾ ಮರಾಠಿ ಮನೆಮಾತಿನವರ ಓದು ಹೇಗೆ ಬೇರೆ ಎಂಬ ಪ್ರಶ್ನೆಗಳಿಗೆ ಸಾಮಗ್ರಿ ಪ್ರತಿ ವರ್ಷ ನಮ್ಮ ಕೈಗೆ ಬಂದು ರದ್ದಿಯ ತೂಕಕ್ಕೆ ಹೋಗುತ್ತಿದೆ. ಹೆಸರು ತೆಗೆದು, ಊರು ಮತ್ತು ಮನೆಮಾತನ್ನಷ್ಟೇ ಉಳಿಸಿಕೊಂಡು, ಒಂದು ವಿಶ್ವವಿದ್ಯಾಲಯದ ವ್ಯಾಪ್ತಿಯ ಹತ್ತು ಕಾಲೇಜುಗಳು ಒಂದೇ ಕಂದಪದ್ಯವನ್ನು ಒಂದೇ ವಾರ ಕೊಟ್ಟು ಹಾಳೆಗಳನ್ನು ವಿಭಾಗಕ್ಕೆ ಕಳುಹಿಸಿದರೆ ಮೊದಲ ಅಧ್ಯಯನಕ್ಕೆ ಅಷ್ಟು ಸಾಕು. ಯಾವ ಪದ್ಯವೆಂಬುದನ್ನು ಅಧ್ಯಯನ ಮಂಡಳಿಯ ಮುಂದಿನ ಸಭೆಯಲ್ಲಿ ತೀರ್ಮಾನಿಸಬಹುದು, ಪ್ರಶ್ನೆಪತ್ರಿಕೆಯ ಸ್ವರೂಪವನ್ನು 'ಹಿಂದಿನಂತೆಯೇ' ಎಂದು ಬರೆಯುವುದಕ್ಕೆ ಮೊದಲು.